ಓ3 ಕರ್ನಲ್ ಹಾಕಿದರೆ ಹಳೇ ಫೋನ್ ವೇಗವಾಗುತ್ತದೆಯೇ?

ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ ಇಂದಿರಾನಗರ ಬರುವಷ್ಟರಲ್ಲಿ ಓದಿ, ನಾಲ್ಕು ಗುಂಪಿಗೆ ಕಳಿಸಿಬಿಡಬಹುದಾದಂಥ ಸಂದೇಶವಿದು: “ಓ3 ಕರ್ನಲ್ ಹಾಕಿ, ಹಳೇ ಫೋನ್ ರಾಕೆಟ್‌ನಂತೆ ಓಡುತ್ತದೆ!” ಇದರಲ್ಲಿ ನಿಜವೆಷ್ಟು?

ಓ2, ಓ3 ಅಂದರೇನು?

ಆಂಡ್ರಾಯ್ಡ್ ಫೋನಿನ ತಳದಲ್ಲಿ ಲಿನಕ್ಸ್ ಕರ್ನಲ್ ಇದೆ. ಅದರ ಕೋಡನ್ನು ಪ್ರೊಸೆಸರ್‌ಗೆ ಅರ್ಥವಾಗುವ ಸೂಚನೆಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ಎಷ್ಟು ಚುರುಕುಗೊಳಿಸಬೇಕು ಎಂದು ಅದಕ್ಕೆ ಹೇಳುವ ಮಟ್ಟಗಳು ಓ2, ಓ3. ಗಾತ್ರ ಕಿರಿದಾಗಿಸಲು ಓಎಸ್ ಎಂಬ ಇನ್ನೊಂದು ಮಟ್ಟವಿದೆ.

ಇನ್‌ಲೈನಿಂಗ್ ಎಂಬ ಉಪಾಯ

ಅಡುಗೆ ಪುಸ್ತಕ ನೆನಪಿಸಿಕೊಳ್ಳಿ. “ಒಗ್ಗರಣೆಗೆ 90ನೇ ಪುಟ ನೋಡಿ” ಎಂದಿದ್ದರೆ ಪ್ರತಿ ಬಾರಿ ಪುಟ ತಿರುವಬೇಕು. ಒಗ್ಗರಣೆಯ ವಿಧಾನವನ್ನು ಪ್ರತಿ ಅಡುಗೆಯಲ್ಲೂ ಬರೆದರೆ ಆ ಶ್ರಮ ಉಳಿಯುತ್ತದೆ, ಆದರೆ ಪುಸ್ತಕ ದಪ್ಪವಾಗುತ್ತದೆ. ಫಂಕ್ಷನ್‌ಗಳನ್ನು ಹೀಗೆ ಕರೆದ ಜಾಗದಲ್ಲೇ ಬರೆಯುವುದು ಇನ್‌ಲೈನಿಂಗ್. ಓಎಸ್‌ನಲ್ಲಿ ಇದು ಕಡಿಮೆ, ಓ2ನಲ್ಲಿ ಹದವಾಗಿ, ಓ3ನಲ್ಲಿ ಧಾರಾಳ.

ಧಾರಾಳವಾದರೆ ತೊಂದರೆ ಏನು?

ಪ್ರೊಸೆಸರ್‌ನ ಕ್ಯಾಶ್ ಮೆಮೊರಿ ಚಿಕ್ಕದು. ಕೋಡ್ ದಪ್ಪವಾದಷ್ಟೂ ಅದರಲ್ಲಿ ಹಿಡಿಸದೆ ವೇಗ ಕುಗ್ಗಬಹುದು. ಜೊತೆಗೆ 64-ಬಿಟ್ ಆರ್ಮ್ ಕರ್ನಲ್‌ನಲ್ಲಿ ಪ್ರತಿ ಥ್ರೆಡ್‌ಗೆ ಸಿಗುವ ಸ್ಟಾಕ್ ಸಾಮಾನ್ಯವಾಗಿ 16 ಕೆಬಿ ಮಾತ್ರ. ಅತಿಯಾದ ಇನ್‌ಲೈನಿಂಗ್ ಅದನ್ನೂ ಬೇಗ ತುಂಬಿಸಬಹುದು.

ಆದ್ದರಿಂದಲೇ ಲಿನಕ್ಸ್ ಕರ್ನಲ್‌ನ ರೂಢಿಯ ಮಟ್ಟ ಓ2. ಓ3 ಆಯ್ಕೆಯನ್ನು ಎಲ್ಲರಿಗೂ ತೆರೆಯುವ ಪ್ರಸ್ತಾಪ 2022ರ ಜೂನ್‌ನಲ್ಲಿ ಬಂದಾಗ ಲೈನಸ್ ಟೋರ್ವಾಲ್ಡ್ಸ್ ಒಪ್ಪಲಿಲ್ಲ. ಅಲ್ಲಿಯವರೆಗೆ ಎಆರ್‌ಸಿ ಪ್ರೊಸೆಸರ್‌ಗಳಿಗಷ್ಟೇ ಇದ್ದ ಆ ಆಯ್ಕೆಯನ್ನೂ 6.0 ಆವೃತ್ತಿಯಲ್ಲಿ ತೆಗೆಯಲಾಯಿತು.

ಬೆಂಗಳೂರಿನ ಪಾಠ

ಓಡುತ್ತಿರುವ ಕರ್ನಲ್‌ನೊಳಗೆ ಇಣುಕಿ ದೋಷ ಹುಡುಕುವ ಕೆಪ್ರೋಬ್ಸ್ ಎಂಬ ಸಾಧನ 2004ರಲ್ಲಿ ಲಿನಕ್ಸ್ ಸೇರಿತು. ಅದನ್ನು ಬೆಳೆಸಿದವರಲ್ಲಿ ಐಬಿಎಂ ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ಪ್ರಸನ್ನ ಎಸ್. ಪಂಚಮುಖಿ ಒಬ್ಬರು. ಅದರ ಕೈಪಿಡಿಯಲ್ಲೇ ಎಚ್ಚರಿಕೆಯಿದೆ: ಕಂಪೈಲರ್ ಹೇಳದೆಯೇ ಫಂಕ್ಷನ್ ಅನ್ನು ಇನ್‌ಲೈನ್ ಮಾಡಿರಬಹುದು, ಆಗ ನೀವು ಇಟ್ಟ ಪ್ರೋಬ್‌ಗೆ ನಿರೀಕ್ಷಿಸಿದ ಸುಳಿವು ಸಿಗದು. ಅಂದರೆ ಇನ್‌ಲೈನಿಂಗ್ ಹೆಚ್ಚಿದಷ್ಟೂ ದೋಷ ಪತ್ತೆ ಕಷ್ಟ.

ಹಾಗಾದರೆ ಏನು ಮಾಡಬೇಕು?

ಬೇರೆ ಕರ್ನಲ್ ಹಾಕಲು ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಆಗ ಫೋನಿನಲ್ಲಿರುವ ಫೋಟೊ, ಡೇಟಾ ಎಲ್ಲ ಅಳಿಸಿಹೋಗುತ್ತದೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ನಿಲ್ಲಿಸಬಹುದು. ಕರ್ನಲ್‌ಗೆ ಇಡೀ ಫೋನಿನ ಮೇಲೆ ಹಿಡಿತವಿರುವುದರಿಂದ, ಅಪರಿಚಿತರು ಕೊಟ್ಟ ಫೈಲ್ ಹಾಕುವುದೆಂದರೆ ಮನೆಯ ಕೀಲಿಯನ್ನೇ ಕೊಟ್ಟಂತೆ.

ಸಾರಾಂಶ: ಓ3 ಸುಳ್ಳಲ್ಲ, ಕೆಲವು ತಂತ್ರಾಂಶಗಳಿಗೆ ಅದರಿಂದ ಲಾಭವೂ ಇದೆ. ಆದರೆ ಅಂಕಿ ದೊಡ್ಡದಾದರೆ ಫೋನಿನ ವೇಗವೂ ಹೆಚ್ಚುತ್ತದೆ ಎಂಬುದು ತಪ್ಪು ಕಲ್ಪನೆ. ಫೋನ್ ನಿಧಾನವಾಗಿದ್ದರೆ ತುಂಬಿದ ಸ್ಟೋರೇಜ್ ಖಾಲಿ ಮಾಡಿ, ಬೇಡದ ಆ್ಯಪ್ ತೆಗೆಯಿರಿ, ಕಂಪನಿಯ ಅಧಿಕೃತ ಅಪ್‌ಡೇಟ್ ಹಾಕಿಕೊಳ್ಳಿ. ಆ ಸಂದೇಶವನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.