ಯಾರ ಕಡೆಯೋನು?

ನಮ್ಮೂರಲ್ಲಿ ಯಾರಿಗಾದರೂ ಸರ್ಕಾರಿ ಕೆಲಸ ಸಿಕ್ಕಿತು ಅಂದ್ರೆ ಜನ ಮೊದಲು ಕೇಳೋದು ಯಾವ ಕೆಲಸ ಅಂತ ಅಲ್ಲ, ಸಂಬಳ ಎಷ್ಟು ಅಂತಾನೂ ಅಲ್ಲ. "ಯಾರ ಕಡೆಯೋನು?" ಅಂತ. ಅದಕ್ಕೆ ಉತ್ತರ ಸಿಗದಿದ್ದರೆ ಮುಂದಿನ ಪ್ರಶ್ನೆ, "ಎಷ್ಟು ಕೊಟ್ಟನಂತೆ?" ಓದಿ ಪಾಸಾಗಿರಬಹುದು ಅನ್ನೋ ಮೂರನೇ ಸಾಧ್ಯತೆ ಅರಳಿಕಟ್ಟೆಯ ಲೆಕ್ಕಕ್ಕೆ ಬರೋದೇ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲೇ ಕೂಲಿ ಮಾಡೋ ಒಬ್ಬರ ಮಗಳು ಪರೀಕ್ಷೆ ಬರೆದು ಅಧಿಕಾರಿಯಾದಳು. ಅವರ ಮನೆಗೆ ಆಗ ಕರೆಂಟು ಸರಿಯಾಗಿರಲಿಲ್ಲ, ಹುಡುಗಿ ಹಾಲಿನ ಡೈರಿಯ ಲೈಟಿನ ಕೆಳಗೆ ಕೂತು ಓದ್ತಿದ್ದಿದ್ದನ್ನ ಇಡೀ ಊರೇ ನೋಡಿದೆ. ಅದೇ ಊರು ಕೇಳಿದ್ದು, "ಯಾರನ್ನ ಹಿಡಿದಳಂತೆ?"

ಇನ್ನೊಂದು ಕಡೆ ನಮ್ಮ ದೊಡ್ಡಪ್ಪನ ಮಗ. ವಿಜಯನಗರದ ಪಿಜಿಯೊಂದರಲ್ಲಿ ನಾಲ್ಕು ವರ್ಷ ಓದಿ, ಒಂದು ನೇಮಕಾತಿಯಲ್ಲಿ ಸಂದರ್ಶನದವರೆಗೂ ಹೋಗಿ ಬಂದ. ಪಟ್ಟಿಯಲ್ಲಿ ಹೆಸರು ಬರಲಿಲ್ಲ. "ವಶೀಲಿ ಇಲ್ಲದೋರ ಮಕ್ಕಳು ಎಷ್ಟು ಓದಿದ್ರೂ ಅಷ್ಟೇಯ" ಅಂತ ದೊಡ್ಡಪ್ಪ ಈಗಲೂ ಹೇಳ್ತಾರೆ. ಅಣ್ಣ ನನ್ನ ಹತ್ರ ಒಂದು ರಾತ್ರಿ ಬೇರೆ ಮಾತು ಹೇಳಿದ. "ಲೋ, ಅವತ್ತು ನಂಗೇ ಉತ್ತರ ಬರ್ಲಿಲ್ಲ ಕಣೋ. ಆದ್ರೆ ಇದನ್ನ ಅಪ್ಪಂಗೆ ಹೇಳಿದ್ರೂ ನಂಬಲ್ಲ."

ಈ ಎರಡು ಮನೆಗಳ ನಡುವೆ ನಿಂತು ನಾನು ಯೋಚಿಸಿದ್ದು ಇಷ್ಟು: ಈ ಅನುಮಾನ ಎಲ್ಲಿಂದ ಬಂತು? ನಮ್ಮ ಜನ ಸುಮ್ಮನೆ ಕೊಂಕು ಮಾತಾಡ್ತಾರೋ, ಇದಕ್ಕೊಂದು ಚರಿತ್ರೆ ಇದೆಯೋ? ಹುಡುಕಿದರೆ ಚರಿತ್ರೆ ಇದೆ. ಪರೀಕ್ಷೆ ಅನ್ನೋದೇ ಹುಟ್ಟಿದ್ದು ಈ ಅನುಮಾನದಿಂದ.

ಸುಮಾರು ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಸೊಂಗ್ ದೊರೆಗಳ ಕಾಲಕ್ಕೆ ಅಧಿಕಾರಿಗಳ ಪರೀಕ್ಷೆ ನಡೀತಿತ್ತು. ಉತ್ತರಪತ್ರಿಕೆಯ ಮೇಲಿನ ಹೆಸರಿಗೆ ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಅಷ್ಟಕ್ಕೇ ಬಿಡಲಿಲ್ಲ. ಕೈಬರಹ ನೋಡಿ ಇದು ನಮ್ಮ ಹುಡುಗನದು ಅಂತ ಗುರುತು ಹಿಡಿದುಬಿಟ್ಟರೆ? ಅದಕ್ಕೇ ಗುಮಾಸ್ತರನ್ನು ಕೂರಿಸಿ ಪ್ರತಿ ಉತ್ತರಪತ್ರಿಕೆಯನ್ನೂ ಮತ್ತೆ ನಕಲು ಬರೆಸಿ, ಆ ನಕಲನ್ನು ಮೌಲ್ಯಮಾಪಕರಿಗೆ ಕೊಡ್ತಿದ್ದರು. ನಾವು ಆಫೀಸಿನಲ್ಲಿ ಡೇಟಾ ಮಾಸ್ಕಿಂಗ್ ಅಂತ ದೊಡ್ಡದಾಗಿ ಮಾಡ್ತೀವಲ್ಲ, ಅದನ್ನ ಅವರು ಕುಂಚ ಮತ್ತು ಮಸಿಯಲ್ಲೇ ಮಾಡಿ ಮುಗಿಸಿದ್ದರು.

ನಮಗೆ ಈ ಪದ್ಧತಿ ಬಂದಿದ್ದು ಇಂಗ್ಲಿಷರಿಂದ, ಅದೂ ಅವರೇ ಅದರ ಉಲ್ಟಾ ಮಾಡಿ ಸುಸ್ತಾದ ಮೇಲೆ. ಈಸ್ಟ್ ಇಂಡಿಯಾ ಕಂಪನಿಯ ಕೆಲಸ ಬೇಕಾದರೆ ಕಂಪನಿಯ ಡೈರೆಕ್ಟರೊಬ್ಬರು ಹೆಸರು ಸೂಚಿಸಬೇಕಿತ್ತು. ಅವರ ಮಗ, ತಂಗಿಯ ಮಗ, ಸ್ನೇಹಿತನ ಮಗ. ಹಾಗೆ ಬಂದವರಿಗೆ ತರಬೇತಿ ಕೊಡೋಕೆ 1806ರಲ್ಲಿ ಒಂದು ಕಾಲೇಜನ್ನೇ ತೆರೆದರು. ವಶೀಲಿ ಅಲ್ಲಿ ಕದ್ದು ನಡೆಯುವ ವ್ಯವಹಾರ ಆಗಿರಲಿಲ್ಲ, ಅದೇ ನಿಯಮವಾಗಿತ್ತು. 1853ರ ಕಾಯ್ದೆ ಅದನ್ನು ನಿಲ್ಲಿಸಿ, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಮುಕ್ತ ಪರೀಕ್ಷೆ ನಡೆಯಿತು. ಮುಕ್ತ ಅಂದರೆ ಹಡಗು ಹತ್ತಿ ಲಂಡನ್ನಿಗೆ ಹೋಗಬಲ್ಲವರಿಗೆ ಮುಕ್ತ. ಭಾರತದಲ್ಲೇ ಆ ಪರೀಕ್ಷೆ ನಡೆಯೋಕೆ 1922ರವರೆಗೆ ಕಾಯಬೇಕಾಯಿತು.

ನನಗೆ ಇದಕ್ಕಿಂತ ಹತ್ತಿರದ ಕತೆ ನಮ್ಮ ಮೈಸೂರು ಸಂಸ್ಥಾನದ್ದು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ಮೊದಲ ದಿವಾನ ರಂಗಾಚಾರ್ಲು ಮದ್ರಾಸ್ ಕಡೆಯವರು. ಅವರ ನಂತರ 18 ವರ್ಷ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಪಾಲ್ಘಾಟ್ ಕಡೆಯವರು. ಇಬ್ಬರೂ ಸಮರ್ಥರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಚೇರಿಗಳಲ್ಲಿ ಹೊರಗಿನವರು ತುಂಬಿಕೊಳ್ತಿದ್ದಾರೆ, ದಿವಾನರು ತಮ್ಮವರನ್ನೇ ಕರೆಸಿಕೊಳ್ತಿದ್ದಾರೆ ಅನ್ನೋ ಗುಸುಗುಸು ಎದ್ದಿತು. 'ಮೈಸೂರು ಮೈಸೂರಿನವರಿಗೆ' ಅನ್ನೋ ಕೂಗು ಬಂತು. ಅಧಿಕಾರಿವರ್ಗದಲ್ಲೇ ಮದ್ರಾಸ್ ಪಕ್ಷ, ಮೈಸೂರು ಪಕ್ಷ ಅಂತ ಎರಡಾಯಿತು.

ಅದೇ ಶೇಷಾದ್ರಿ ಅಯ್ಯರ್ ಕಾಲದಲ್ಲೇ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ಶುರುವಾಯಿತು. ಯಾರ ಮೇಲೆ ಸ್ವಜನಪಕ್ಷಪಾತದ ಆರೋಪ ಇತ್ತೋ ಅವರ ಆಡಳಿತವೇ ವಶೀಲಿಗೆ ಕಡಿವಾಣ ಹಾಕುವ ಪರೀಕ್ಷೆ ತಂದಿತು. ಈ ಒಂದು ಸಂಗತಿ ನಮ್ಮ ಶಾಲೆಯ ಪುಸ್ತಕದಲ್ಲಿ ಇದ್ದಿದ್ದರೆ ಚೆನ್ನಾಗಿರ್ತಿತ್ತು.

ಅದೇ 1891ರಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದರು. ಬಡತನ, ನೆಂಟರ ಮನೆಗಳಲ್ಲಿ ಇದ್ದುಕೊಂಡು ಓದು. ಮುಂದೆ ಅದೇ ಸಿವಿಲ್ ಸರ್ವಿಸ್ ಪರೀಕ್ಷೆ ಪಾಸು ಮಾಡಿ ಅಸಿಸ್ಟೆಂಟ್ ಕಮಿಷನರ್ ಆದರು. ಪರೀಕ್ಷೆ ಇಲ್ಲದಿದ್ದರೆ ಅಂಥ ಮನೆಯ ಹುಡುಗ ಆ ಕುರ್ಚಿಗೆ ಹೋಗೋದು ಕಷ್ಟವಿತ್ತು. ಆದರೆ ಅಷ್ಟೊಂದು ವರ್ಷ ಸೇವೆ ಮಾಡಿದ ಮೇಲೆ ಏನಾಯಿತು? ಮಂತ್ರಿಪದವಿಗೆ ಸಮನಾದ ಸ್ಥಾನ ಸಿಗಬೇಕಾದ ಹೊತ್ತಿಗೆ ಅವರಿಗಿಂತ ಕಿರಿಯರೊಬ್ಬರನ್ನು ಮುಂದೆ ತಂದರು. 1943ರಲ್ಲಿ ಮಾಸ್ತಿ ರಾಜೀನಾಮೆ ಕೊಟ್ಟು ಮನೆಗೆ ಬಂದರು. ಆ ಬಡ್ತಿಯ ಹಿಂದೆ ಏನಿತ್ತೋ, ನಾನು ಆರೋಪ ಹೊರಿಸೋಕೆ ಹೋಗಲ್ಲ. ನಾನು ಗಮನಿಸಿದ್ದು ಇಷ್ಟೇ: ಕೆಳಗಿನ ಬಾಗಿಲಿಗೆ ಪರೀಕ್ಷೆ ಇತ್ತು, ಮೇಲಿನ ಬಾಗಿಲಿಗೆ ಇರಲಿಲ್ಲ. ನೋವು ಆಗಿದ್ದು ಮೇಲಿನ ಬಾಗಿಲ ಹತ್ರ.

ಪರೀಕ್ಷೆ ಬಂದ ಮೇಲೆ ಅನುಮಾನ ಹೋಗಲಿಲ್ಲ, ಜಾಗ ಬದಲಾಯಿಸಿತು. ಮದ್ರಾಸಿನವರೋ ಮೈಸೂರಿನವರೋ ಅಂತ ಜಗಳ ಆಡ್ತಿದ್ದ ಎರಡೂ ಪಕ್ಷದಲ್ಲಿ ಬಹುತೇಕ ಬ್ರಾಹ್ಮಣರೇ ಇದ್ದರು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು, ಉಳಿದವರು ನೋಡಿದರು: ಪರೀಕ್ಷೆ ನ್ಯಾಯವಾಗೇ ನಡೀಬಹುದು, ಆದರೆ ಇಂಗ್ಲಿಷ್ ಶಾಲೆಯ ಮೆಟ್ಟಿಲು ಯಾರು ಹತ್ತಿದ್ದಾರೆ? 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಅದು ಹೇಳಿತು.

ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆ ಕೆಡುತ್ತೆ ಅನ್ನೋದು ಅವರ ವಾದ. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ದಿವಾನರಾಗೋ ಮುಂಚೆ ಅವರು ನೆಂಟರನ್ನೆಲ್ಲ ಊಟಕ್ಕೆ ಕರೆದು, 'ಯಾರೂ ನನ್ನ ಹತ್ತಿರ ಶಿಫಾರಸು ಕೇಳಿಕೊಂಡು ಬರಬಾರದು' ಅಂತ ಮಾತು ತಗೊಂಡರು ಅನ್ನೋ ಕತೆಯನ್ನ ನಾವೆಲ್ಲ ಮೇಷ್ಟ್ರ ಬಾಯಲ್ಲಿ ಕೇಳಿದ್ದೀವಿ. ಆ ಕತೆಯನ್ನ ನೂರು ವರ್ಷದಿಂದ ಹೇಳ್ತಾನೇ ಇದ್ದೀವಿ ಅಂದ್ರೆ, ಮಿಕ್ಕವರ ಬಗ್ಗೆ ನಾವು ಏನಂದುಕೊಂಡಿದ್ದೀವಿ ಅನ್ನೋದೂ ಅದರಲ್ಲೇ ಇದೆ.

ವಿಶ್ವೇಶ್ವರಯ್ಯನವರು ಹೋದ ಮೇಲೆ ದಿವಾನರಾದವರು ಎಂ. ಕಾಂತರಾಜ ಅರಸ್. ಮಹಾರಾಜರ ಸೋದರಮಾವ. ಮಹಾರಾಜರ ಅಕ್ಕ ಜಯಲಕ್ಷಮ್ಮಣ್ಣಿಯವರನ್ನು ಮದುವೆಯಾಗಿದ್ದರಿಂದ ಭಾವನೂ ಹೌದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಜಯಲಕ್ಷ್ಮೀ ವಿಲಾಸ ಅರಮನೆ ಅವರಿಬ್ಬರ ಮನೆ. ನೆಂಟರಿಗೆ ಏನೂ ಕೊಡಲ್ಲ ಅಂದವರು ಹೋದರು, ನೆಂಟರೇ ಆದವರು ಬಂದರು. ಆದರೆ 1921ರಲ್ಲಿ ಮಿಲ್ಲರ್ ವರದಿ ಸರ್ಕಾರಿ ಆದೇಶವಾಗಿದ್ದು ಇದೇ ಸೋದರಮಾವನ ದಿವಾನಗಿರಿಯಲ್ಲಿ. ನಮ್ಮಂಥ ಮನೆಗಳ ಮಕ್ಕಳು ಕಚೇರಿಯ ಒಳಗೆ ಕಾಲಿಟ್ಟಿದ್ದರ ಹಿಂದೆ ಆ ಆದೇಶ ಇದೆ. ಚರಿತ್ರೆಯನ್ನು ಒಳ್ಳೆಯವರು ಕೆಟ್ಟವರು ಅಂತ ಎರಡು ಕಾಲಂ ಮಾಡೋಕೆ ಕೂತರೆ ಕೈ ನಿಂತುಹೋಗೋದು ಇಂಥ ಕಡೆ.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನ ಲೋಕಸೇವಾ ಆಯೋಗಗಳನ್ನು ಕೊಟ್ಟಿತು, ನಮ್ಮ ರಾಜ್ಯದ್ದು 1951ರಲ್ಲಿ ಬಂತು. ನೇಮಕಾತಿಯನ್ನು ಮಂತ್ರಿಗಳ ಕೈಯಿಂದ ತಪ್ಪಿಸೋದೇ ಉದ್ದೇಶ. ಆದರೆ ಆಯೋಗದ ಸದಸ್ಯರನ್ನು ನೇಮಿಸೋದು ರಾಜ್ಯಪಾಲರ ಹೆಸರಲ್ಲಿ ಸರ್ಕಾರವೇ. ಆ ಕುರ್ಚಿಗೆ ಪರೀಕ್ಷೆ ಇಲ್ಲ.

ಅನುಮಾನ ಈಗ ಸಂದರ್ಶನದ ಕೋಣೆಗೆ ಬಂತು. ಇಲ್ಲಿ ಒಂದು ಮೊಕದ್ದಮೆಯ ವಿಷಯ ಹೇಳಲೇಬೇಕು. 1966ರಲ್ಲಿ ಭಾರತೀಯ ಅರಣ್ಯ ಸೇವೆ ಶುರುವಾದಾಗ ರಾಜ್ಯಗಳ ಅರಣ್ಯಾಧಿಕಾರಿಗಳಲ್ಲೇ ಕೆಲವರನ್ನು ಅದಕ್ಕೆ ಆರಿಸಬೇಕಿತ್ತು. ಜಮ್ಮು ಕಾಶ್ಮೀರದ ಆಯ್ಕೆ ಮಂಡಳಿಯಲ್ಲಿ ಅಲ್ಲಿಯ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೂ ಕೂತರು. ಅವರು ಸ್ವತಃ ಅಭ್ಯರ್ಥಿ! ತಮ್ಮ ಹೆಸರು ಬಂದಾಗ ಎದ್ದು ಹೊರಗೆ ಹೋದರು, ನಿಜ. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಇದ್ದರು. ಪಟ್ಟಿ ಬಂದಾಗ ಅವರದೇ ಮೊದಲ ಹೆಸರು, ಪ್ರತಿಸ್ಪರ್ಧಿಗಳ ಹೆಸರು ಮಾಯ.

ಅವರು ನಮ್ಮ ಮೇಲೆ ಯಾವ ಪ್ರಭಾವವನ್ನೂ ಬೀರಲಿಲ್ಲ ಅಂತ ಉಳಿದ ಸದಸ್ಯರು ಹೇಳಿದರು. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. 1969ರ ಆ ತೀರ್ಪು ಬರೆದವರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ಅವರ ವಾದದ ತಿರುಳು ಇದು: ಒಬ್ಬ ಮನುಷ್ಯ ಮನಸ್ಸಿನಲ್ಲಿ ಪಕ್ಷಪಾತ ಮಾಡಿದನೋ ಇಲ್ಲವೋ ಅಂತ ಸಾಬೀತು ಮಾಡೋದು ಕಷ್ಟ, ಪಕ್ಷಪಾತ ಆಗುವ ಸಂಭವ ಇತ್ತೇ ಅಂತ ನೋಡಿದರೆ ಸಾಕು. ಕೂತು ಚರ್ಚೆ ಮಾಡಿದ ಮೇಲೆ ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಾಗೇ ತಾಗುತ್ತೆ. ನಮ್ಮ ಅರಳಿಕಟ್ಟೆಯವರು ಯಾವ ಕಾನೂನೂ ಓದದೆ ಹೇಳ್ತಿದ್ದದ್ದೂ ಇದನ್ನೇ ಅಲ್ವಾ?

ಹದಿನಾರು ವರ್ಷದ ನಂತರ, 1985ರಲ್ಲಿ, ಹರಿಯಾಣದ ಕೇಸು ಬಂತು. ರಾಜ್ಯ ಸಿವಿಲ್ ಸೇವೆಯ ಪಟ್ಟಿಯಲ್ಲಿ ಆಯೋಗದ ಸದಸ್ಯರ ನೆಂಟರೂ ಆಯ್ಕೆಯಾಗಿದ್ದರು. ನೆಂಟ ಬಂದಾಗ ಆ ಸದಸ್ಯ ಎದ್ದು ಹೋದರೆ ಸಾಕು, ಇಡೀ ಪ್ರಕ್ರಿಯೆಯಿಂದ ದೂರ ಇರಬೇಕಿಲ್ಲ, ಯಾಕಂದ್ರೆ ಇದು ಸಾಂವಿಧಾನಿಕ ಸಂಸ್ಥೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಸಂದರ್ಶನಕ್ಕೆ ಇಟ್ಟ ಅಂಕ ಜಾಸ್ತಿಯಾಯಿತು, ಸಾಮಾನ್ಯ ಅಭ್ಯರ್ಥಿಗಳಿಗೆ ಶೇ. 12.2 ದಾಟಬಾರದು ಅಂತಲೂ ಹೇಳಿತು. ಎರಡನೆಯದು ಸರಿ. ಮೊದಲನೆಯದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯಲ್ಲ. ಐದು ನಿಮಿಷ ಹೊರಗೆ ಹೋಗಿ ಬಂದರೆ ಒಳಗಿದ್ದವರು ಮರೆತುಬಿಡ್ತಾರಾ?

ಇಲ್ಲಿ ನಾನು ನನ್ನ ಬೆನ್ನೂ ನೋಡಿಕೊಳ್ಳಬೇಕು. ನನಗೆ ಮೊದಲ ಕೆಲಸ ಸಿಕ್ಕಿದ್ದು ಕಾಲೇಜಿನ ಸೀನಿಯರ್ ಒಬ್ಬರ ರೆಫರಲ್‌ನಿಂದ. ನಮ್ಮ ಉದ್ಯಮದಲ್ಲಿ ಹಾಗೆ ಸೇರಿಸಿದವರಿಗೆ ಬೋನಸ್ಸೂ ಕೊಡ್ತಾರೆ. ಊರಲ್ಲಿ ಇದನ್ನ ಹೇಳಿದರೆ ದೊಡ್ಡಪ್ಪ ನಗ್ತಾರೆ, "ವಶೀಲಿಗೆ ರಸೀತಿ ಬೇರೆ ಕೊಡ್ತಾರಾ?" ಅದು ಮಾಲೀಕನ ದುಡ್ಡು ಅಂತ ನಾನು ಸಮಾಧಾನ ಹೇಳ್ತೀನಿ. ಖಾತೆ ಬದಲಾವಣೆಗೆ, ಪಿಂಚಣಿಗೆ, ಸ್ಟೇಷನ್ನಿಗೆ ಹೋದಾಗ ಎದುರು ಕೂತಿರೋನು ಯಾರ ಕಡೆಯೋನು ಅನ್ನೋದರ ಮೇಲೆ ನಮ್ಮ ಕೆಲಸ ನಿಂತಿರುತ್ತೆ, ಅದೇ ವ್ಯತ್ಯಾಸ ಅಂತಲೂ ಹೇಳ್ತೀನಿ. ಪೂರ್ತಿ ಸಮಾಧಾನ ನನಗೇ ಆಗಿಲ್ಲ.

ಈಗ ನಮ್ಮ ರಾಜ್ಯದ 2011ರ ಬ್ಯಾಚ್. ಗೆಜೆಟೆಡ್ ಪ್ರೊಬೇಷನರ್‌ಗಳ 362 ಹುದ್ದೆ. ಸಂದರ್ಶನಕ್ಕೆ 200 ಅಂಕ. ಹಣ, ಪ್ರಭಾವದ ಆರೋಪ ಬಂದು 2013ರಲ್ಲಿ ಸಿಐಡಿ ತನಿಖೆ ಆಯಿತು. 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಕೈಬಿಟ್ಟಿತು. 2016ರಲ್ಲಿ ಆಡಳಿತ ನ್ಯಾಯಮಂಡಳಿ ನೇಮಕ ಮಾಡಿ ಅಂದಿತು. 2018ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2022ರಲ್ಲಿ ವಿಧಾನಮಂಡಲ ಕಾಯ್ದೆ ತಂದು ಆಯ್ಕೆಯನ್ನು ಊರ್ಜಿತಗೊಳಿಸಿತು. ಹನ್ನೊಂದು ವರ್ಷ! ಆ 362 ಜನರಲ್ಲಿ ನಿಜವಾಗಿ ಓದಿ ಬಂದವರ ಗತಿ ಯೋಚಿಸಿ. ತಪ್ಪು ಮಾಡದವರೂ ತಪ್ಪು ಮಾಡಿದವರೂ ಒಂದೇ ಪಟ್ಟಿಯಲ್ಲಿ, ಒಂದೇ ಮಸಿಯಲ್ಲಿ.

ಸಾಫ್ಟ್‌ವೇರ್‌ನಲ್ಲಿ ಏನಾದರೂ ಕೆಟ್ಟರೆ ನಾವು ಮೊದಲು ಲಾಗ್ ತೆಗೆದು ನೋಡ್ತೀವಿ. ಲಿಖಿತ ಪರೀಕ್ಷೆಗೆ ಲಾಗ್ ಇದೆ, ಉತ್ತರಪತ್ರಿಕೆಯೇ ಲಾಗ್. ಬೇಕಿದ್ದರೆ ಮತ್ತೆ ತಿದ್ದಿಸಬಹುದು. ಸಂದರ್ಶನಕ್ಕೆ ಉಳಿಯೋದು ಒಂದು ಸಂಖ್ಯೆ. 200ಕ್ಕೆ 150 ಯಾಕೆ ಬಂತು, 60 ಯಾಕೆ ಬಂತು, ಹೇಳೋಕೆ ಏನೂ ಇಲ್ಲ. ಲಾಗ್ ಇಲ್ಲದ ಕಡೆ ಜನ ಊಹೆ ಮಾಡ್ತಾರೆ, ನಾನೂ ಮಾಡ್ತೀನಿ. ಸರ್ಕಾರಗಳಿಗೂ ಇದು ಗೊತ್ತಾಗಿದೆ. ಕೇಂದ್ರ 2016ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆಯಿತು. ನಮ್ಮಲ್ಲಿ 200 ಇದ್ದದ್ದು 50 ಆಗಿ, ಈಗ 25ಕ್ಕೆ ಬಂದಿದೆ.

ಹಾಗಂತ ಬರೀ ಪರೀಕ್ಷೆಯೇ ಸಾಕು ಅನ್ನೋಕೂ ಆಗಲ್ಲ. 2024ರಲ್ಲಿ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅರ್ಥವೇ ಆಗದ ಅನುವಾದ ಅಂತ ಗಲಾಟೆ ಎದ್ದು, ಡಿಸೆಂಬರ್‌ನಲ್ಲಿ ಮರುಪರೀಕ್ಷೆ ಮಾಡಬೇಕಾಯಿತು. 1918ರಲ್ಲಿ ಕೇಳಿದ್ದ ಪ್ರಶ್ನೆ, ಈ ಪರೀಕ್ಷೆ ಯಾರ ಭಾಷೆಯಲ್ಲಿದೆ ಅನ್ನೋದು, ಇನ್ನೂ ಮುಗಿದಿಲ್ಲ.

ಹೋದ ಯುಗಾದಿಗೆ ಊರಿಗೆ ಹೋದಾಗ ಆ ಹುಡುಗಿಯ ಅಪ್ಪ ಸಿಕ್ಕಿದ್ದರು. ಮಗಳು ಈಗ ದೂರದ ಜಿಲ್ಲೆಯಲ್ಲಿದ್ದಾಳೆ. ಟೀ ಅಂಗಡಿಯಲ್ಲಿ ಯಾರೋ ಹೊಸಬರು ಮಾತಿಗೆ ತೆಗೆದು, "ನಿಮ್ಮ ಮಗಳಿಗೆ ಯಾರು ಮಾಡಿಸಿಕೊಟ್ರು?" ಅಂದರು. ಅವರು ಸಿಟ್ಟಾಗಲಿಲ್ಲ. ಜೇಬಿನಿಂದ ಲ್ಯಾಮಿನೇಷನ್ ಮಾಡಿಸಿದ ಅಂಕಪಟ್ಟಿ ತೆಗೆದು ಅವರ ಕೈಗೆ ಕೊಟ್ಟರು. ಓದೋಕೆ ಬರಲ್ಲ ಅವರಿಗೆ, ಆದರೆ ಲಿಖಿತ ಪರೀಕ್ಷೆಯ ಸಾಲು ಯಾವುದು ಅಂತ ಗೊತ್ತು. ಬೆರಳಿಟ್ಟು ತೋರಿಸಿ, "ಇದು ನೋಡಿ, ಇದು ಬರೆದದ್ದು" ಅಂದರು.