ಫೋರ್ಟ್‌ನಿಂದ ಕಾನ್ಹೇರಿಯವರೆಗೆ: ಮುಂಬಯಿ ಕನ್ನಡ ಕುಟುಂಬಗಳಿಗೆ ಸುಲಭ ನಿಸರ್ಗ ವಿಹಾರಗಳು

ಉದರ ನಿಮಿತ್ತ ಮುಂಬಯಿ ಸೇರಿದ ನಮ್ಮ ಹಿರಿಯರಲ್ಲಿ ಅನೇಕರ ಮೊದಲ ನೆಲೆ ಫೋರ್ಟ್. ಹಗಲು ಹೊಟೇಲು, ಕ್ಯಾಂಟೀನು, ಕಚೇರಿಗಳಲ್ಲಿ ದುಡಿದು, ಸಂಜೆ ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಕಲಿತ ಆ ತಲೆಮಾರಿಗೆ ವಿಹಾರವೆಂದರೆ ವರ್ಷಕ್ಕೊಮ್ಮೆ, ಅದೂ ರಜೆ ದೊರೆತರೆ, ಊರಿಗೆ ಹೋಗಿ ಬರುವುದೇ ಆಗಿತ್ತು. ಗುಡ್ಡ, ಕಾಡು, ತೋಡು ಎಲ್ಲವೂ ಊರಿನಲ್ಲಿ. ಮುಂಬಯಿಯಲ್ಲಿ ದುಡಿಮೆ ಮಾತ್ರ ಎಂಬ ಭಾವನೆ ಅವರಿಂದ ಮಕ್ಕಳಿಗೂ ಮೊಮ್ಮಕ್ಕಳಿಗೂ ದಾಟಿ ಬಂದಿದೆ. ಇಂದು ಆ ಕುಟುಂಬಗಳು ಬೋರಿವಲಿ, ಮೀರಾರೋಡ್, ಥಾಣೆ, ಡೊಂಬಿವಲಿ, ನವಿಮುಂಬಯಿಗಳಲ್ಲಿ ಸ್ವಂತ ಮನೆ ಮಾಡಿ ನೆಲೆನಿಂತಿವೆ. ಆದರೆ ತಮ್ಮ ಮನೆಯ ಕಿಟಕಿಯಿಂದ ಕಾಣುವ ಬೆಟ್ಟದ ಹೆಸರೇನು, ಕಟ್ಟಡದ ಗೇಟಿನ ಬಳಿ ನಿಂತಿರುವ ಮರ ಯಾವುದು ಎಂದು ಕೇಳಿದರೆ ಉತ್ತರಿಸುವವರು ವಿರಳ.

ಇದು ಬರಿಯ ಸಾಮಾನ್ಯ ಜ್ಞಾನದ ಮಾತಲ್ಲ. ಆಟಿ ಅಮಾವಾಸ್ಯೆಯಂದು ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ಪದ್ಧತಿ ತುಳುನಾಡಿನವರಿಗೆಲ್ಲ ತಿಳಿದದ್ದೇ. ಮಹಾನಗರದ ಸಂಘ-ಸಂಸ್ಥೆಗಳು 'ಆಟಿಡೊಂಜಿ ದಿನ'ವನ್ನು ಸಡಗರದಿಂದ ಆಚರಿಸುತ್ತಲೂ ಇವೆ. ಅದೇ ಪಾಲೆ, ಕನ್ನಡದ ಹಾಲೆ ಮರ, ಮರಾಠಿಯಲ್ಲಿ 'ಸಾತವಿಣ' ಎಂಬ ಹೆಸರಿನಿಂದ ಮುಂಬಯಿಯ ಎಷ್ಟೋ ರಸ್ತೆಗಳ ಬದಿಯಲ್ಲಿ ನೆರಳು ನೀಡುತ್ತಾ ನಿಂತಿದೆ. ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಸಂಜೆಯಾಗುತ್ತಲೇ ಮೂಗಿಗೆ ಬಡಿಯುವ ಗಾಢ ಪರಿಮಳ ಅದರ ಹೂವಿನದು. ಊರಿನಿಂದ ಬಂದ ಅಜ್ಜಿ ಎಲೆಗಳ ಜೋಡಣೆ ನೋಡಿದೊಡನೆ 'ಇದು ಪಾಲೆ' ಎಂದು ಗುರುತಿಸುತ್ತಾರೆ; ಜೊತೆಗಿರುವ ಮೊಮ್ಮಗನಿಗೆ ಅದು ಬರಿಯ 'ಟ್ರೀ'. (ಗುರುತಿಸಿದರೆ ಸಾಕು, ಕೆತ್ತಬಾರದು. ನಗರದ ಮರಗಳಿಗೆ ಗಾಯ ಮಾಡುವುದು ತಪ್ಪು. ಮೇಲಾಗಿ ತಪ್ಪು ಮರದ ತೊಗಟೆ ಪ್ರಾಣಕ್ಕೇ ಎರವಾಗಬಲ್ಲದು.) ಅಜ್ಜ-ಅಜ್ಜಿಯರು ನಮ್ಮ ನಡುವೆ ಇರುವಾಗಲೇ ಅವರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದೊಯ್ಯಬಹುದಾದ ಕೆಲವು ತಾಣಗಳನ್ನು, ಫೋರ್ಟ್‌ನಿಂದಲೇ ಆರಂಭಿಸಿ, ಇಲ್ಲಿ ಪರಿಚಯಿಸಲಾಗಿದೆ.

ಕೋಟೆಯಿಲ್ಲದ ಕೋಟೆಯೊಳಗೆ

ಫೋರ್ಟ್ ಎಂಬ ಹೆಸರಿಗೆ ಕಾರಣವಾದ ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ ಕೆಡವಲಾಯಿತು. ರವಿವಾರ ಬೆಳಿಗ್ಗೆ ಈ ಪರಿಸರ ಗುರುತೇ ಸಿಗದಷ್ಟು ಶಾಂತವಾಗಿರುತ್ತದೆ. ಚರ್ಚ್‌ಗೇಟ್‌ನಲ್ಲಿ ಇಳಿದು, ಓವಲ್ ಮೈದಾನದ ಅಂಚಿನಲ್ಲಿ ರಾಜಾಬಾಯಿ ಗೋಪುರವನ್ನು ನೋಡುತ್ತಾ ನಡೆದು, ಹುತಾತ್ಮಾ ಚೌಕದ ಮಾರ್ಗವಾಗಿ ಹಾರ್ನಿಮನ್ ವೃತ್ತದ ಉದ್ಯಾನವನ್ನು ಸೇರಲು ಮಕ್ಕಳ ನಡಿಗೆಗೂ ಅರ್ಧ ಗಂಟೆ ಸಾಕು. ಒಂದು ಕಾಲಕ್ಕೆ ಬಾಂಬೆ ಗ್ರೀನ್ ಎಂಬ ಬಯಲಾಗಿದ್ದ ಈ ಸ್ಥಳದ ಬಳಿ, 1833ರ ಟೌನ್ ಹಾಲ್ ಎದುರಿನ ಆಲದ ಮರಗಳಡಿಯಲ್ಲಿಯೇ 1850ರ ದಶಕದಲ್ಲಿ ಶೇರು ದಲ್ಲಾಳಿಗಳು ಸೇರುತ್ತಿದ್ದರು.

ಅಲ್ಲಿಂದ ದಕ್ಷಿಣಕ್ಕೆ, ಶಹೀದ್ ಭಗತ್ ಸಿಂಗ್ ರಸ್ತೆಯ ಲಯನ್ ಗೇಟ್ ಎದುರಿಗೆ ಹಾರ್ನ್‌ಬಿಲ್ ಹೌಸ್ ಇದೆ. 1883ರ ಸೆಪ್ಟೆಂಬರ್ 15ರಂದು ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕೇಂದ್ರ ಕಚೇರಿ ಇದು. ನಾವು ಕನ್ನಡಿಗರು ಈ ಕಟ್ಟಡದ ಮುಂದೆ ಒಂದು ಗಳಿಗೆ ನಿಲ್ಲಲು ಸಕಾರಣವಿದೆ. ಹಾರ್ನ್‌ಬಿಲ್ ಎಂದರೆ ನಮ್ಮ ಮಂಗಟ್ಟೆ ಹಕ್ಕಿ. 1894ರಲ್ಲಿ ಹುಟ್ಟಿದ ಒಂದು ಮಂಗಟ್ಟೆ ಮರಿಯನ್ನು ಕಾರವಾರದಿಂದ ಸಂಸ್ಥೆಗೆ ಕೊಡುಗೆಯಾಗಿ ತರಲಾಯಿತು. 'ವಿಲಿಯಂ' ಎಂಬ ಹೆಸರು ಪಡೆದ ಆ ಹಕ್ಕಿ 1920ರವರೆಗೆ, ಅಂದರೆ 26 ವರ್ಷ, ಸಂಸ್ಥೆಯ ಹಳೆಯ ಕಚೇರಿಯಲ್ಲೇ ಬದುಕಿತ್ತು. ಸಂಸ್ಥೆಯ ಲಾಂಛನದಲ್ಲಿರುವುದೂ, ಕಟ್ಟಡಕ್ಕೆ ಹೆಸರು ಕೊಟ್ಟದ್ದೂ ಅದುವೇ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅಲ್ಲಿನ ಕಾಡಿನ ಎಷ್ಟೋ ವಿವರಗಳು ಈ ಸಂಸ್ಥೆಯ ಪತ್ರಿಕೆಗೆ ಹರಿದು ಬಂದವು. ಚಿಟ್ಟೆಗಳ ಜೀವನಕ್ರಮವನ್ನು ದಾಖಲಿಸಿದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ನಿವೃತ್ತಿಯ ಬಳಿಕ ಕಾರವಾರದಲ್ಲೇ ನೆಲೆಸಿ 1948ರಲ್ಲಿ ಅಲ್ಲೇ ತೀರಿಕೊಂಡರು. ಊರಿನ ಪಯಣಿಗರಲ್ಲಿ ಮೊದಲಿಗರು ಹೊಟೇಲಿನ ಹುಡುಗರೇ ಎಂದುಕೊಂಡಿದ್ದ ನಮಗೆ, ಅವರಿಗಿಂತ ಮುಂಚೆ ಬಂದು ಫೋರ್ಟ್‌ನಲ್ಲಿ ಹೆಸರು ಮಾಡಿದ ಒಂದು ಹಕ್ಕಿಯೂ ಇತ್ತೆಂಬುದು ಸೋಜಿಗದ ಸಂಗತಿ.

ಮರಗಳ ಹೆಸರು ಹೊತ್ತ ಊರು

ಮುಂಬಯಿಯ ಸ್ಥಳನಾಮಗಳೇ ಮಕ್ಕಳಿಗೆ ಒಂದು ಉತ್ತಮ ಪಾಠ. ಚಿಂಚಬಂದರ್ ಹುಣಸೆಯ ಬಂದರು. ಉಮರಖಾಡಿ ಅತ್ತಿಮರದ ಖಾಡಿ. ಫಣಸವಾಡಿ ಹಲಸಿನ ವಾಡಿ. ತಾಡದೇವ್ ತಾಳೆಮರದ ದೇವರು ಎಂದೂ, ಪರೇಲ್ ಪಾದರಿ ಮರದಿಂದ ಬಂದುದೆಂದೂ ಹೇಳುವವರಿದ್ದಾರೆ. ರೈಲಿನಲ್ಲಿ ಹೋಗುವಾಗ ಮಕ್ಕಳಿಂದ ಈ ಹೆಸರುಗಳನ್ನು ಕನ್ನಡಕ್ಕೆ ಮಾಡಿಸಿದರೆ ಪ್ರಯಾಣವೇ ಆಟವಾಗುತ್ತದೆ.

ಆ ಮರಗಳನ್ನು ಕಣ್ಣಾರೆ ಕಾಣಬೇಕಾದರೆ ಭಾಯಖಳಾದ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನಕ್ಕೆ ಹೋಗಬೇಕು. 1862ರಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಎಂದು ತೆರೆದ ಇದು ಜನರ ಬಾಯಲ್ಲಿ ಇಂದಿಗೂ ರಾಣಿಬಾಗ್. ಮಕ್ಕಳು ಪೆಂಗ್ವಿನ್‌ಗಳತ್ತ ಓಡುವುದು ಸಹಜ, ಓಡಲಿ. ಆದರೆ ಇದು ಮೂಲತಃ ಸಸ್ಯೋದ್ಯಾನ. ಇಲ್ಲಿನ ದೈತ್ಯ ಕಾಂಡದ ಬಾವೊಬಾಬ್ ಮರವನ್ನು ತಪ್ಪದೆ ತೋರಿಸಬೇಕು. ಆಫ್ರಿಕಾ ಮೂಲದ ಈ ಮರವನ್ನು ಮರಾಠಿಗರು 'ಗೋರಖ ಚಿಂಚ' ಎಂದರೆ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಇದೇ ಜಾತಿಯ ಪುರಾತನ ಮರಗಳನ್ನು ನಮ್ಮವರು 'ದೊಡ್ಡ ಹುಣಸೆ' ಎಂದು ಕರೆದರು. ಎರಡೂ ಭಾಷೆಯವರಿಗೆ ಪರದೇಶದ ಮರದಲ್ಲಿ ಹುಣಸೆಯೇ ಕಂಡದ್ದು ನೋಡಿ! ಉದ್ಯಾನ ಬುಧವಾರ ಮುಚ್ಚಿರುತ್ತದೆ. ದಾರಿ ಸಮತಟ್ಟಾಗಿದ್ದು ಗಾಲಿಕುರ್ಚಿಯ ಹಿರಿಯರಿಗೂ ಅನುಕೂಲ.

ಮಲಬಾರ್ ಹಿಲ್‌ನ ಕಮಲಾ ನೆಹರೂ ಉದ್ಯಾನ, ಹ್ಯಾಂಗಿಂಗ್ ಗಾರ್ಡನ್ ನಮ್ಮವರಿಗೆ ಹೊಸತಲ್ಲ. ಊರಿನಿಂದ ಬಂದ ನೆಂಟರಿಗೆ ಮುಂಬಯಿ ತೋರಿಸುವ ಪರಿಪಾಠದಲ್ಲಿ ಇವು ಮೊದಲಿನಿಂದಲೂ ಇವೆ. ಹೊಸತೆಂದರೆ, ಅದರ ಸಮೀಪ 2025ರ ಮಾರ್ಚ್ 30ರಂದು ತೆರೆದ ಎತ್ತರದ ಮರದ ಕಾಲುದಾರಿ. ಸುಮಾರು 485 ಮೀಟರ್ ಉದ್ದದ ಈ ಹಲಗೆಯ ದಾರಿ ಕಾಡುಮರಗಳ ನೆತ್ತಿಯ ನಡುವೆ ಸಾಗುತ್ತದೆ. ಪ್ರವೇಶಕ್ಕೆ ಅಂತರ್ಜಾಲದಲ್ಲಿ ಮುಂಗಡವಾಗಿ ಸಮಯ ಕಾದಿರಿಸಿಕೊಳ್ಳುವುದು ಒಳಿತು.

ಮಾಟುಂಗದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಶನ್‌ಗಳ ಕಾರ್ಯಕ್ರಮಗಳಿಗೆ ದೂರದ ಉಪನಗರಗಳಿಂದ ಬರುವವರು ಅಂದು ಬೆಳಿಗ್ಗೆಯೇ ಹೊರಟು, ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕನ್ನು ನೋಡಬಹುದು. ಮೀಠಿ ನದಿಯ ದಡದ ಈ 37 ಎಕರೆ ಮೊದಲು ನಗರದ ಕಸ ಸುರಿಯುವ ಜಾಗವಾಗಿತ್ತು. ಇಂದು ಒಳಹೊಕ್ಕರೆ ಹೊರಗಿನ ವಾಹನಗಳ ಸದ್ದು ದೂರವಾಗಿ ಹಕ್ಕಿಗಳ ಸದ್ದು ಕೇಳುತ್ತದೆ.

ಬೋರಿವಲಿಯ ಕಾಡು, ನೃಪತುಂಗನ ಕಾಲ

ಎಲ್ಲಕ್ಕಿಂತ ಹೆಚ್ಚು ಸಮಯ ಮೀಸಲಿಡಬೇಕಾದುದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ. ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಈ ಅರಣ್ಯ ಒಂದು ಮಹಾನಗರದ ಒಡಲೊಳಗೇ ಇರುವುದು ಜಗತ್ತಿನಲ್ಲೇ ಅಪರೂಪ. ನಮಗೆ ನೀರು ಕುಡಿಸಿದ ವಿಹಾರ್ (1860) ಮತ್ತು ತುಳಸಿ (1879) ಕೆರೆಗಳು ಇದರ ಮಡಿಲಲ್ಲಿವೆ. ಚರ್ಚ್‌ಗೇಟ್‌ನಿಂದ ಬೋರಿವಲಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಪೂರ್ವ ದಿಕ್ಕಿಗೆ ಇಳಿದರೆ ಪ್ರವೇಶದ್ವಾರ ನಡೆಯುವ ದೂರದಲ್ಲೇ ಇದೆ. ಸೋಮವಾರ ರಜೆ. ದ್ವಾರದಿಂದ ಕಾನ್ಹೇರಿ ಗುಹೆಗಳಿಗೆ ಸುಮಾರು 6 ಕಿಲೋಮೀಟರ್; ಒಳಗೆ ಬಸ್ಸಿನ ವ್ಯವಸ್ಥೆ ಇರುವುದರಿಂದ ಹೋಗುವಾಗ ಬಸ್ಸಿನಲ್ಲಿ ಹೋಗಿ, ಶಕ್ತಿಯಿದ್ದವರು ಇಳಿಜಾರಿನ ದಾರಿಯಲ್ಲಿ ನಡೆದು ಬರುವುದು ಜಾಣತನ. ಇದನ್ನು ತಿರುವುಮುರುವು ಮಾಡಿ, ಏರುದಾರಿ ನಡೆದು, ಗುಹೆ ತಲುಪುವಷ್ಟರಲ್ಲಿ ಮಕ್ಕಳನ್ನು ಹೆಗಲಿಗೇರಿಸಿಕೊಂಡ ಅನುಭವ ಈ ಲೇಖಕನಿಗೂ ಇದೆ.

ಕಾನ್ಹೇರಿ ಎಂದರೆ ಕೃಷ್ಣಗಿರಿ, ಕಪ್ಪು ಬೆಟ್ಟ. ನಮ್ಮ ಕರಾವಳಿಯ ಕೆಂಪು ಮುರಕಲ್ಲು ನೋಡಿದ ಕಣ್ಣಿಗೆ ಈ ಕರಿಯ ಬಸಾಲ್ಟ್ ಶಿಲೆ ಬೇರೆಯೇ ಲೋಕ. ಇದರಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಸುಮಾರು ಸಾವಿರ ವರ್ಷಗಳ ಕಾಲ ನೂರಕ್ಕೂ ಮಿಕ್ಕಿ ಗುಹೆಗಳನ್ನು ಕೊರೆಯಲಾಯಿತು. ಮೊದಲ 3 ಗುಹೆಗಳು ಕೆಳಗೇ ಇದ್ದು, 3ನೆಯ ಗುಹೆಯ ಭವ್ಯ ಚೈತ್ಯವನ್ನೂ ಎತ್ತರದ ಬುದ್ಧಮೂರ್ತಿಗಳನ್ನೂ ಮಂಡಿನೋವಿನ ಹಿರಿಯರು ಕೂಡಾ ನೋಡಬಹುದು. ಅವರನ್ನು ಅಲ್ಲೇ ನೆರಳಲ್ಲಿ ಕುಳ್ಳಿರಿಸಿ, ಉಳಿದವರು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳನ್ನು ಹತ್ತಬಹುದು. ಗುಹೆ ಗುಹೆಗೂ ಮಳೆನೀರು ಹಿಡಿದಿಡಲು ಕೊರೆದ ತೊಟ್ಟಿಗಳಿವೆ.

ಬಹಳ ಮಂದಿ ಕನ್ನಡಿಗರಿಗೆ ತಿಳಿಯದ ಒಂದು ವಿಚಾರ ಇಲ್ಲಿದೆ. ಕಾನ್ಹೇರಿಯ ಕೆಲವು ಸಂಸ್ಕೃತ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ಕೊಂಕಣವನ್ನು ಆತನ ಸಾಮಂತರಾಗಿ ಆಳುತ್ತಿದ್ದ ಶಿಲಾಹಾರರ ಕಾಲದಲ್ಲಿ ಭಿಕ್ಷುಗಳಿಗೆ ನೀಡಿದ ದಾನಗಳನ್ನು ಅವು ದಾಖಲಿಸುತ್ತವೆ. ಅವುಗಳಲ್ಲಿ ಎರಡು ಶಕವರ್ಷ 775 ಮತ್ತು 799ಕ್ಕೆ, ಅಂದರೆ ಸುಮಾರು ಕ್ರಿ.ಶ. 853 ಮತ್ತು 877ಕ್ಕೆ ಸೇರಿದವು. ಈ ಅಮೋಘವರ್ಷನೇ ನಮ್ಮ ನೃಪತುಂಗ. ಕನ್ನಡದ ಲಭ್ಯ ಗ್ರಂಥಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ' ಆತನ ಆಸ್ಥಾನದಲ್ಲಿ ಮೂಡಿದ್ದೂ ಅದೇ ಕಾಲಾವಧಿಯಲ್ಲಿ. 'ನಾವು ಇಲ್ಲಿಗೆ ಹೊಟೇಲು ಕೆಲಸಕ್ಕೆ ಬಂದವರು' ಎಂದಷ್ಟೇ ಕೇಳಿ ಬೆಳೆದ ಮಕ್ಕಳಿಗೆ ಬೋರಿವಲಿಯ ಗುಡ್ಡದ ಮೇಲೆ ನಿಲ್ಲಿಸಿ ಈ ಮಾತನ್ನು ಹೇಳಬೇಕು.

ಕಾಡಿನಲ್ಲಿ ಚಿರತೆಗಳಿವೆ. ನಿಗದಿತ ದಾರಿ ಬಿಡದೆ, ಚಿಕ್ಕ ಮಕ್ಕಳನ್ನು ಗುಂಪಿನ ನಡುವೆ ಇರಿಸಿಕೊಂಡು, ಕತ್ತಲಾಗುವ ಮುನ್ನ ಹೊರಬಂದರೆ ಹೆದರಬೇಕಾದುದಿಲ್ಲ. ಉಪದ್ರವ ಹೆಚ್ಚು ಕೋತಿಗಳದ್ದು. ಕೈಯಲ್ಲಿ ತಿಂಡಿಯ ಪೊಟ್ಟಣ ಕಾಣಿಸಬಾರದು. ಇಲ್ಲಿನ ವಾರ್ಲಿ ಆದಿವಾಸಿಗಳು 'ವಾಘೋಬಾ' ಎಂಬ ಹುಲಿ-ಚಿರತೆ ದೈವವನ್ನು ಪೂಜಿಸುತ್ತಾರೆ. ಪಿಲಿಚಾಮುಂಡಿಯನ್ನು ನಂಬಿದ ಮನೆಗಳ ಮಕ್ಕಳಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಬೀಳದು. ಶಿಲೋಂಡಾದಂತಹ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಹಾಗೂ ಮಾರ್ಗದರ್ಶಿ ಬೇಕು. ನಮ್ಮ ಕುರಿಂಜಿಯ ಬಳಗಕ್ಕೆ ಸೇರಿದ 'ಕಾರ್ವಿ' ಗಿಡ ಇಲ್ಲಿ 8 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂ ಬಿಡುತ್ತದೆ. 2016ರಲ್ಲಿ, ಮತ್ತೆ 2024ರಲ್ಲಿ ಬೆಟ್ಟ ನೇರಳೆಯಾಗಿತ್ತು. ಲೆಕ್ಕದಂತೆ ಮುಂದಿನದು 2032ಕ್ಕೆ.

ಕೊಲ್ಲಿಯ ಅಂಚು, ಊರಿನ ದಾರಿ

ರಾಜಹಂಸಗಳು ಥಾಣೆ ಕೊಲ್ಲಿಗೆ ಬರುವುದು ನವೆಂಬರದಿಂದ ಮೇ ತನಕ. ಶಿವಡಿಯ ದಂಡೆ ಇದಕ್ಕೆ ಹೆಸರುವಾಸಿಯಾಗಿತ್ತು. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಅಲ್ಲಿಂದಲೇ ಆರಂಭವಾಗುವುದರಿಂದ ಆ ದಂಡೆಯ ಚಿತ್ರ ಬದಲಾಗಿದೆ. ಕುಟುಂಬಗಳಿಗೆ ಐರೋಳಿಯಲ್ಲಿರುವ ಅರಣ್ಯ ಇಲಾಖೆಯ ಕೇಂದ್ರದ ದೋಣಿಯಾನವೇ ಹೆಚ್ಚು ಸೂಕ್ತ. ಇಲ್ಲಿ ಗಡಿಯಾರಕ್ಕಿಂತ ಭರತ-ಇಳಿತದ ಲೆಕ್ಕ ಮುಖ್ಯ. ಆ ಲೆಕ್ಕ ನೋಡದೆ ಒಮ್ಮೆ ಶಿವಡಿಗೆ ಹೋಗಿ, ಗುಲಾಬಿ ಗೆರೆಯೊಂದನ್ನು ದೂರದ ಕೆಸರಿನಾಚೆ ಊಹಿಸಿಕೊಂಡು ಮರಳಿದ್ದೇವೆ. ಮೀನುಗಾರಿಕೆಯ ಮನೆತನದ ಹಿರಿಯರು ಜೊತೆಯಲ್ಲಿದ್ದರೆ ತಿಥಿ ನೋಡಿಯೇ ಹೇಳಿಬಿಡುತ್ತಾರೆ.

ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಘಾರಾಪುರಿ, ಅಂದರೆ ಎಲಿಫೆಂಟಾ, ಸೋಮವಾರ ಮುಚ್ಚಿರುತ್ತದೆ. ಬಾದಾಮಿಯ ಇಮ್ಮಡಿ ಪುಲಕೇಶಿ ಗೆದ್ದನೆಂದು ಕ್ರಿ.ಶ. 634ರ ಐಹೊಳೆ ಶಾಸನ ಹೇಳುವ 'ಪುರಿ' ಇದುವೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. 2024ರ ಡಿಸೆಂಬರ್ 18ರ ದೋಣಿ ದುರಂತವನ್ನು ನೆನಪಿನಲ್ಲಿಟ್ಟು, ಸೆಖೆಯಾದರೂ ಜೀವರಕ್ಷಕ ಅಂಗಿಯನ್ನು ಮಕ್ಕಳ ಮೈಯಿಂದ ತೆಗೆಯಗೊಡಬಾರದು.

ಕೊಂಕಣ ಹೆದ್ದಾರಿಯಲ್ಲಿ ಕಾರು ಮಾಡಿಕೊಂಡು ಊರಿಗೆ ಹೋಗುವವರು ಪನ್ವೇಲ್ ದಾಟಿದ ಮೇಲೆ ಕರ್ನಾಳ ಪಕ್ಷಿಧಾಮದ ನಡುವಿನಿಂದಲೇ ಹಾದು ಹೋಗುತ್ತಾರೆ. ಹೆಚ್ಚಿನವರು ಕಿಟಕಿಯ ಗಾಜನ್ನೂ ಇಳಿಸುವುದಿಲ್ಲ. ಸುಮಾರು 12 ಚದರ ಕಿಲೋಮೀಟರಿನ ಈ ಧಾಮದಲ್ಲಿ ಹೆಬ್ಬೆರಳಿನಂತೆ ಎದ್ದು ನಿಂತ ಬಂಡೆಯ ಕೋಟೆಗೆ ಹತ್ತುವುದು ಪುಟ್ಟ ಮಕ್ಕಳಿಗೆ ಹೇಳಿಸಿದ್ದಲ್ಲ. ಕೆಳಗಿನ ಮರಗಳಡಿಯ ಕಾಲುದಾರಿಯಲ್ಲಿ ಒಂದೆರಡು ಗಂಟೆ ತಿರುಗಾಡಿದರೆ ಸಾಕು. ಮುಂಬಯಿಯಿಂದ ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮುನ್ನ ಅದನ್ನು ಮುಗಿಸಿ, ಮನೆಯಿಂದ ಕಟ್ಟಿ ತಂದ ಬುತ್ತಿ ಉಂಡು, ಊರಿನ ಪ್ರಯಾಣ ಮುಂದುವರಿಸಬಹುದು.