ಕಳಸದ ಚಿತ್ರ ಯಾರದು? ವಿಕಿಪೀಡಿಯದೊಳಗಿನ ಹಕ್ಕುಸ್ವಾಮ್ಯದ ತಕರಾರುಗಳು

ಚಿಕ್ಕಮಗಳೂರು ಜಿಲ್ಲೆಯ ಕಳಸದ ಕಳಸೇಶ್ವರನ ಗುಡಿ, ಊರನ್ನು ಬಳಸಿ ಹರಿಯುವ ಭದ್ರೆ, ಅಂಬಾತೀರ್ಥದ ಬಂಡೆ, ಹತ್ತಿರದ ಹೊರನಾಡು, ಕುದುರೆಮುಖದ ಹುಲ್ಲುಗಾವಲು. ಅಂತರ್ಜಾಲದಲ್ಲಿ ಹುಡುಕಿದರೆ ಇವುಗಳ ಚಿತ್ರಗಳು ರಾಶಿ ರಾಶಿ ಸಿಗುತ್ತವೆ. ಆದರೆ ವಿಕಿಪೀಡಿಯದ ಲೇಖನಕ್ಕೆ ಹಾಕಲು ಬರುವಂಥವು ಆ ರಾಶಿಯಲ್ಲಿ ತೀರಾ ಕಡಿಮೆ. ಹೊಸಬರು ಹುರುಪಿನಿಂದ ಒಂದು ಚಿತ್ರ ಏರಿಸುತ್ತಾರೆ, ಕೆಲವೇ ದಿನಗಳಲ್ಲಿ ಅದು ಮಾಯವಾಗುತ್ತದೆ, ಬೇಸರಪಟ್ಟು ಸಂಪಾದನೆಯನ್ನೇ ಬಿಡುತ್ತಾರೆ. ಚಿತ್ರ ಹೋದರೆ ಇನ್ನೊಂದು ತೆಗೆಯಬಹುದು. ಊರನ್ನು ಬಲ್ಲ ಬರಹಗಾರ ಹೋದರೆ ಆಗುವ ನಷ್ಟ ದೊಡ್ಡದು.

ಎಲ್ಲರ ಉಗ್ರಾಣ

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಮರುವರ್ಷ ಸೆಪ್ಟೆಂಬರಿನಲ್ಲಿ ವಿಕಿಮೀಡಿಯ ಕಾಮನ್ಸ್ ಬಂತು. ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಚಿತ್ರ ಎತ್ತಿಕೊಳ್ಳುವ ಉಗ್ರಾಣ ಅದು. ಅಲ್ಲಿ ಚಿತ್ರ ಉಳಿಯಬೇಕಾದರೆ ಅದನ್ನು ಯಾರು ಬೇಕಾದರೂ ಬಳಸಲು, ಬದಲಿಸಲು, ಮಾರಲು ಅನುಮತಿ ಇರಬೇಕು. ಸಿಸಿ ಬೈ-ಎಸ್‌ಎ ಪರವಾನಗಿಯಲ್ಲಿ ಕೊಟ್ಟ ಚಿತ್ರವನ್ನು ಬಳಸುವವರು ತೆಗೆದವರ ಹೆಸರು ಹೇಳಬೇಕು, ಬದಲಿಸಿದ್ದರೆ ಅದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು.

“ನನ್ನ ಚಿತ್ರ ಬಳಸಿ, ಆದರೆ ದುಡ್ಡು ಮಾಡಬೇಡಿ” ಎನ್ನುವವರ ಚಿತ್ರ ಕಾಮನ್ಸ್‌ಗೆ ಸಲ್ಲುವುದಿಲ್ಲ. ನೀವು ಕೊಟ್ಟ ಕಾಫಿ ತೋಟದ ಚಿತ್ರವನ್ನು ಕಳಸದ ಯಾವುದೋ ಹೋಂಸ್ಟೇ ತನ್ನ ಕರಪತ್ರದಲ್ಲಿ ಅಚ್ಚು ಹಾಕಿಸಬಹುದು, ನಿಮ್ಮ ಹೆಸರು ಮತ್ತು ಪರವಾನಗಿಯನ್ನು ನಮೂದಿಸಿದರೆ ಸಾಕು. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲೂ ಆಗದು. ಇದನ್ನು ಏರಿಸುವ ಮೊದಲೇ ತಿಳಿಯದ ಎಷ್ಟೋ ಮಂದಿ ಆಮೇಲೆ ಸಂಪಾದಕರ ಜೊತೆ ವಾದಕ್ಕಿಳಿಯುತ್ತಾರೆ.

ತಕರಾರು ನಡೆಯುವ ಬಗೆ

ಇಲ್ಲಿ ಸಂಬಳದ ತಪಾಸಣೆಗಾರರಿಲ್ಲ, ಅನುಮಾನಪಡುವವರೂ ಸ್ವಯಂಸೇವಕರೇ. ಚಿತ್ರ ಸಣ್ಣ ಗಾತ್ರದ್ದೇ? ಕ್ಯಾಮೆರಾ ತಾನೇ ಬರೆದಿಡುವ ಎಕ್ಸಿಫ್ ಮಾಹಿತಿ ಅಳಿಸಿಹೋಗಿದೆಯೇ? ಇದೇ ಚಿತ್ರ ಬೇರೆ ತಾಣದಲ್ಲಿ ಮೊದಲೇ ಇತ್ತೇ? ವಾಟ್ಸ್ಯಾಪ್ ಮೂಲಕ ಬಂದ ಚಿತ್ರ ಮೊದಲೆರಡು ಪ್ರಶ್ನೆಗಳಲ್ಲೇ ಸಿಕ್ಕಿಬೀಳುತ್ತದೆ, ಏರಿಸಿದವರೇ ತೆಗೆದದ್ದಾಗಿದ್ದರೂ. ಕದ್ದದ್ದು ಸ್ಪಷ್ಟವಿದ್ದರೆ ತಕ್ಷಣ ಅಳಿಸುತ್ತಾರೆ. ಅನುಮಾನವಿದ್ದರೆ ಅಳಿಸುವಿಕೆಯ ಕೋರಿಕೆ ಹಾಕಿ, ಸಾಮಾನ್ಯವಾಗಿ ಏಳು ದಿನ ಚರ್ಚೆಗೆ ಬಿಡುತ್ತಾರೆ. ಹಕ್ಕುದಾರರು ಬೇರೆಯವರಾಗಿದ್ದರೆ ಅವರೇ ವಿಕಿಮೀಡಿಯದ ಸ್ವಯಂಸೇವಕ ತಂಡಕ್ಕೆ ಮಿಂಚಂಚೆಯಲ್ಲಿ ಒಪ್ಪಿಗೆ ಕಳಿಸಬೇಕು. ಒಪ್ಪಿಗೆ ತಡವಾಗಿ ಬಂದರೆ ಅಳಿಸಿದ ಚಿತ್ರವನ್ನು ಮರಳಿಸುವುದಕ್ಕೂ ದಾರಿ ಇದೆ. ಈ ಚರ್ಚೆ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡದಲ್ಲಷ್ಟೇ ಬರೆಯುವವರು ತಮ್ಮ ಪರವಾಗಿ ಒಂದು ಮಾತೂ ಹೇಳದೆ ಸೋಲುವುದು ಇದರಿಂದಲೇ.

ಮೂಡಿಗೆರೆಯ ತೇಜಸ್ವಿ ಮತ್ತು 2067

1957ರ ಭಾರತೀಯ ಹಕ್ಕುಸ್ವಾಮ್ಯ ಕಾಯ್ದೆ ಹಿಂದೆ ಛಾಯಾಚಿತ್ರಕ್ಕೆ ಬೇರೆಯೇ ಲೆಕ್ಕ ಇಟ್ಟಿತ್ತು: ಪ್ರಕಟವಾದ ಮೇಲೆ ಇಷ್ಟು ವರ್ಷ ಎಂದು. 2012ರ ತಿದ್ದುಪಡಿ ಅದನ್ನು ತೆಗೆದು, ಸಾಹಿತ್ಯ ಕೃತಿಯ ಹಾಗೆಯೇ ತೆಗೆದವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಎಂದು ಮಾಡಿತು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ತೀರಿಕೊಂಡದ್ದು 2007ರ ಏಪ್ರಿಲ್ 5ರಂದು. ಮೂಡಿಗೆರೆಯ ಸುತ್ತ ಅವರು ಹಿಡಿದ ಹಕ್ಕಿಗಳ ಚಿತ್ರಗಳ ಹಕ್ಕು 2067ರ ಕೊನೆಯವರೆಗೂ ವಾರಸುದಾರರದು. ಆದರೆ ತೇಜಸ್ವಿಯವರನ್ನೇ ಇನ್ನೊಬ್ಬರು ತೆಗೆದ ಚಿತ್ರದ ಲೆಕ್ಕ ಬೇರೆ. ಅದರ ಹಕ್ಕು ಸಾಮಾನ್ಯವಾಗಿ ಕ್ಯಾಮೆರಾ ಹಿಡಿದವರದು, ಅವಧಿಯೂ ಅವರ ಆಯುಸ್ಸಿನ ಮೇಲೆ. ಚಿತ್ರದಲ್ಲಿ ಇರುವವರು ಬೇರೆ, ಚಿತ್ರದ ಒಡೆಯರು ಬೇರೆ. ಸಾಹಿತಿಗಳ ಪುಟಗಳಲ್ಲಿ ನಡೆಯುವ ತಕರಾರುಗಳ ಬೇರು ಇಲ್ಲಿದೆ.

ಇದಕ್ಕೊಂದು ವಿನಾಯಿತಿಯೂ ಇದೆ. ಹಣ ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಮನೆಯ ಆಲ್ಬಂ ಬಿಚ್ಚುವಾಗ ಇದು ನೆನಪಿರಲಿ.

ಸರ್ಕಾರಿ ಜಾಲತಾಣದ ಚಿತ್ರ ಎಲ್ಲರದು ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಅಮೆರಿಕದ ಒಕ್ಕೂಟ ಸರ್ಕಾರದ ಕೃತಿಗಳ ಮಟ್ಟಿಗೆ ಅದು ನಿಜ, ನಾಸಾ ಚಿತ್ರಗಳು ಕಾಮನ್ಸ್ ತುಂಬಾ ಇರುವುದು ಆ ಕಾರಣಕ್ಕೆ. ನಮ್ಮಲ್ಲಿ ಸರ್ಕಾರಿ ಕೃತಿಗೆ ಪ್ರಕಟಣೆಯಾದ ಮೇಲೆ 60 ವರ್ಷ ಹಕ್ಕುಸ್ವಾಮ್ಯವಿದೆ.

ಗುಡಿ, ವಿಗ್ರಹ, ಗೋಡೆ

ಕಳಸೇಶ್ವರನ ಗುಡಿಯಂಥ ಹಳೆಯ ಕಟ್ಟಡಕ್ಕೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಹೊರನಾಡಿನ ಅನ್ನಪೂರ್ಣೇಶ್ವರಿಯ ಈಗಿನ ವಿಗ್ರಹ 1973ರಲ್ಲಿ ಪ್ರತಿಷ್ಠೆಯಾದದ್ದು, ಅಷ್ಟು ಹಳೆಯದಲ್ಲ. ಆದರೂ ಸಾರ್ವಜನಿಕರಿಗೆ ಪ್ರವೇಶವಿರುವ ಜಾಗದಲ್ಲಿ ಶಾಶ್ವತವಾಗಿ ನಿಂತ ಶಿಲ್ಪವನ್ನು ಚಿತ್ರಿಸುವುದು ಉಲ್ಲಂಘನೆಯಲ್ಲ ಎಂದು ಕಾಯ್ದೆಯ 52ನೇ ಕಲಂ ಹೇಳುತ್ತದೆ. ಆದರೆ ಗೋಡೆಯ ಮೇಲಿನ ಹೊಸ ವರ್ಣಚಿತ್ರಕ್ಕೆ ಈ ರಿಯಾಯಿತಿ ಇಲ್ಲ, ಚಿತ್ರಕಾರರ ಒಪ್ಪಿಗೆ ಬೇಕೇ ಬೇಕು. ಗರ್ಭಗುಡಿಯಲ್ಲಿ ಫೋಟೋ ತೆಗೆಯಬೇಡಿ ಎಂಬುದು ದೇವಸ್ಥಾನದ ಕಟ್ಟಳೆ, ಹಕ್ಕುಸ್ವಾಮ್ಯದ ಮಾತಲ್ಲ. ಕಾನೂನು ಬಿಟ್ಟಿತೆಂದು ಭಕ್ತರ ಭಾವನೆಯನ್ನು ತುಳಿದು ಚಿತ್ರ ತರುವುದನ್ನು ನಾನಂತೂ ಒಪ್ಪುವುದಿಲ್ಲ.

ಮುಕ್ತವಾಗಿಯೇ ಇರುವ ಸಂಪತ್ತು

ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಯದು, ಅಂದರೆ ಇಂದಿನ ಚಿಕ್ಕಮಗಳೂರಿನದು. ಅದು ಹೊರಬಂದದ್ದು 1901ರಲ್ಲಿ, ಮೂಡಿಗೆರೆ ಸೀಮೆಯ ಶಾಸನಗಳೂ ಅದರಲ್ಲಿವೆ. ರೈಸ್ 1927ರಲ್ಲಿ ತೀರಿಕೊಂಡರು. ಹಕ್ಕಿನ ಅವಧಿ ಮುಗಿದ ಇಂಥ ಪುಟಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಏರಿಸಬಹುದು. ಆದರೆ ಶಾಸನದ ಕಲ್ಲನ್ನು ನಿನ್ನೆ ಯಾರೋ ತೆಗೆದ ಫೋಟೋ ಹಾಗಲ್ಲ. ಕಲ್ಲು ಹಳೆಯದಾದರೂ ಚಿತ್ರ ಹೊಸದು, ಅದಕ್ಕೊಬ್ಬರು ಒಡೆಯರಿದ್ದಾರೆ.

ಕೋತಿ ಒತ್ತಿದ ಗುಂಡಿ

ಕುದುರೆಮುಖದ ಕಾಡಿನ ಸಿಂಗಳೀಕದ ದೂರದ ನೆಂಟನೊಂದು ಇಂಡೋನೇಷ್ಯಾದ ಸುಲಾವೆಸಿಯಲ್ಲಿದೆ. ಬ್ರಿಟನ್ನಿನ ಡೇವಿಡ್ ಸ್ಲೇಟರ್ ಅವರ ಕ್ಯಾಮೆರಾದ ಗುಂಡಿಯನ್ನು ಆ ಕೋತಿ ತಾನೇ ಒತ್ತಿದ ಚಿತ್ರ 2011ರಲ್ಲಿ ಜಗತ್ತೆಲ್ಲ ಸುತ್ತಿತು. ಚಿತ್ರವನ್ನು ಕಾಮನ್ಸ್‌ನಿಂದ ಅಳಿಸಿ ಎಂದು ಸ್ಲೇಟರ್ ಕೇಳಿದರು. ಮನುಷ್ಯ ತೆಗೆಯದ ಚಿತ್ರಕ್ಕೆ ಒಡೆಯರಿಲ್ಲ ಎಂದು ವಿಕಿಮೀಡಿಯ 2014ರಲ್ಲಿ ನಿರಾಕರಿಸಿತು. ಕೋತಿಯ ಪರವಾಗಿ ಪ್ರಾಣಿದಯಾ ಸಂಘಟನೆ ಪೇಟಾ ಹೂಡಿದ ದಾವೆಯನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ತಳ್ಳಿಹಾಕಿತು. ಚಿತ್ರ ಕಾಮನ್ಸ್‌ನಲ್ಲೇ ಉಳಿಯಿತು.

ಕಟ್ಟುನಿಟ್ಟು ಬೇಕೇ?

ಬೇಕು. ಮಳೆಯಲ್ಲಿ ನೆನೆದು, ಜಿಗಣೆ ಕಚ್ಚಿಸಿಕೊಂಡು ಚಿತ್ರ ತೆಗೆದವರ ಹೆಸರು ಅಳಿಸಿ ಹಂಚುವುದು ಅನ್ಯಾಯ, ಅದು ಜ್ಞಾನಸೇವೆಯ ಹೆಸರಿನಲ್ಲಿ ನಡೆದರೂ. ಆದರೆ ಅಳಿಸುವವರು ಕಾರಣವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ತಿಳಿಸಲಿ. ಯಂತ್ರ ಕಳಿಸುವ ಸಿದ್ಧ ಎಚ್ಚರಿಕೆಯಿಂದ ಹೊಸಬರು ಕಲಿಯುವುದಿಲ್ಲ.

ಕಳಸ, ಹೊರನಾಡು, ಸಂಸೆಯ ಕಡೆ ಇರುವವರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಸಂತೆ, ಸೇತುವೆ, ತೋಟ, ಬಸದಿಗಳನ್ನು ನೀವೇ ತೆಗೆಯಿರಿ. ಮೂಲ ಕಡತವನ್ನು ವಾಟ್ಸ್ಯಾಪ್‌ಗೆ ಹಾಯಿಸದೆ ನೇರವಾಗಿ ಕಾಮನ್ಸ್‌ಗೆ ಏರಿಸಿ, ಜಾಗದ ಹೆಸರು ಮತ್ತು ದಿನಾಂಕವನ್ನು ಕನ್ನಡದಲ್ಲಿ ಬರೆಯಿರಿ.